ಹೊಯ್ಸಳ ನಾಡಿನ ಶೋಕಗಾನ: ಶಿಲೆ, ಕಾವ್ಯ ಮತ್ತು ಕಂಠ

1

ಸಾವಿನ ಮನೆಯ ಅಳುವನ್ನು ಕುರಿತು ಕನ್ನಡದಲ್ಲಿ ‘ಹಾಡಿಕೊಂಡು ಅಳುವುದು’ ಎಂಬ ಮಾತು ರೂಢಿಯಲ್ಲಿದೆ. ಅಳುವೆಂಬುದು ಅರ್ಥವಿಲ್ಲದ ಆಕ್ರಂದನವಲ್ಲ, ಅದಕ್ಕೆ ಮಾತಿದೆ, ಮಾತಿಗೊಂದು ಧಾಟಿಯಿದೆ ಎಂಬ ತಿಳಿವಳಿಕೆ ಈ ನುಡಿಗಟ್ಟಿನಲ್ಲಿಯೇ ಅಡಗಿದೆ. ಸತ್ತವನನ್ನು ಸಂಬೋಧಿಸುವುದು, ಅವನ ಗುಣಗಳನ್ನು ಒಂದೊಂದಾಗಿ ಎಣಿಸುವುದು, ಉಳಿದವರ ಪಾಡೇನೆಂದು ಕೇಳುವುದು, ಸಾವಿಗೆ ಕಾರಣರಾದವರನ್ನು ಹೆಸರಿಟ್ಟೋ ಹೆಸರಿಡದೆಯೋ ದೂರುವುದು ಇವೆಲ್ಲ ಆ ಅಳುವಿನ ಅಂಗಗಳು. ಹೀಗಿದ್ದರೂ ಕನ್ನಡ ವಿಮರ್ಶೆಯಲ್ಲಿ ‘ಶೋಕಗೀತೆ’ ಎಂಬ ಪದ ಬಂದೊಡನೆ ನೆನಪಾಗುವುದು ಬರೆದ ಕವಿಯ ಚರಮಗೀತೆಯೇ ಹೊರತು, ಹೆಣದ ಬಳಿ ಕುಳಿತು ಹೆಣ್ಣುಮಕ್ಕಳು ಆ ಕ್ಷಣದಲ್ಲಿ ಕಟ್ಟಿದ ಮಾತುಗಳಲ್ಲ. ಮೊದಲನೆಯದು ಸಾಹಿತ್ಯವೆನಿಸಿದೆ, ಎರಡನೆಯದು ಭಾವೋದ್ರೇಕವೆನಿಸಿ ಸಾಹಿತ್ಯದ ಹೊರಗೇ ನಿಂತಿದೆ.

ಈ ವಿಂಗಡಣೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸಲು ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಪ್ರದೇಶ ತಕ್ಕ ಕ್ಷೇತ್ರವಾಗಿದೆ. ಸಾವನ್ನು ಕಲ್ಲಿನಲ್ಲಿ ದಾಖಲಿಸುವ ಪದ್ಧತಿ ಅತ್ಯಂತ ಸಮೃದ್ಧವಾಗಿ ಬೆಳೆದ ನೆಲವಿದು. ಒಂದೆಡೆ ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗೆ ಹಾಗೂ ಸ್ಮಾರಕ ದೇವಾಲಯಗಳು; ಇನ್ನೊಂದೆಡೆ ತಂಬೂರಿ ಪದ, ಮೂಡಲಪಾಯ ಯಕ್ಷಗಾನ, ಗಮಕ ಮತ್ತು ಊರ ನಾಟಕಗಳ ಜೀವಂತ ಪರಂಪರೆ. ಸಾವಿಗೆ ಇಷ್ಟೊಂದು ಗುರುತುಗಳನ್ನು ನಿಲ್ಲಿಸಿದ ನಾಡಿನಲ್ಲಿ ಅಳುವಿಗೆ ಯಾವ ಸ್ಥಾನವಿತ್ತು, ಅದು ಎಲ್ಲಿ ಉಳಿದುಕೊಂಡಿತು ಎಂಬುದು ಇಲ್ಲಿಯ ಪ್ರಶ್ನೆ. ಈ ವಿವೇಚನೆಗೆ ನೆರವಾಗುವಂತೆ, ಅಳುವನ್ನು ಪ್ರತ್ಯೇಕ ಸಾಹಿತ್ಯ ಪ್ರಕಾರವಾಗಿ ಗುರುತಿಸಿರುವ ಐರಿಷ್ ಪರಂಪರೆಯನ್ನು ಮುಂದೆ ಹೋಲಿಕೆಗೆ ತೆಗೆದುಕೊಳ್ಳಲಾಗಿದೆ.

2

ಹೊಯ್ಸಳರ ಕಾಲದ ಸ್ಮಾರಕಗಳಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಗರುಡಗಂಬ ವಿಶಿಷ್ಟವಾದುದು. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ಮರಣ ಹೊಂದಿದಾಗ ಅವನ ದಂಡನಾಯಕನಾದ ಕುವರಲಕ್ಷ್ಮನು ತನ್ನ ಮಡದಿ ಸುಗ್ಗಲದೇವಿಯೊಡನೆಯೂ ಸಾವಿರ ಮಂದಿ ವೀರರೊಡನೆಯೂ ಪ್ರಾಣತ್ಯಾಗ ಮಾಡಿದ ಸಂಗತಿಯನ್ನು ಈ ಕಂಬದ ಶಾಸನ ಹೇಳುತ್ತದೆ. ಒಡೆಯನ ಸಾವಿನೊಂದಿಗೆ ಸಾಯುವ ಪ್ರತಿಜ್ಞೆ ತೊಟ್ಟವರೇ ಗರುಡರು. ಕಂಬದ ಮೇಲೆ ಆಯುಧ ಹಿಡಿದು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವ ವೀರರ ಉಬ್ಬುಶಿಲ್ಪಗಳಿವೆ. ಶಾಸನದ ಧ್ವನಿ ಆದ್ಯಂತವೂ ಪ್ರಶಂಸೆಯದು. ಒಡೆಯನಿಗೂ ಆಳಿಗೂ ಇದ್ದ ಅಭೇದ, ಕೊಟ್ಟ ಮಾತಿನ ದೃಢತೆ, ಗರುಡನೊಡನೆ ಪಡೆದ ಸಾಮ್ಯ ಇವು ಅಲ್ಲಿ ವರ್ಣಿತವಾಗಿವೆ. ಸಾವಿರ ಮಂದಿಯನ್ನು ಕಳೆದುಕೊಂಡ ಮನೆಗಳ ಉಲ್ಲೇಖಕ್ಕೆ ಅಂಥ ಬರಹದಲ್ಲಿ ಜಾಗವಿಲ್ಲ.

ಶ್ರವಣಬೆಳಗೊಳದ ಶಾಸನವೊಂದು ಇದೇ ಮನೋಧರ್ಮವನ್ನು ಬೇರೊಂದು ನೆಲೆಯಲ್ಲಿ ತೋರಿಸುತ್ತದೆ. ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ಮಡಿದಳು. ಮಗಳ ಮರಣವಾರ್ತೆ ತಿಳಿದ ತಾಯಿ ಮಾಚಿಕಬ್ಬೆ, ರಾಣಿಯೇ ದೇವಗತಿಯನ್ನು ಪಡೆದಮೇಲೆ ತಾನು ಉಳಿಯಲಾರೆನೆಂದು ನಿಶ್ಚಯಿಸಿ ಬೆಳಗೊಳಕ್ಕೆ ಬಂದು ಸನ್ಯಸನ ವಿಧಿಯಿಂದ ದೇಹ ತೊರೆದಳೆಂದು ಆ ಶಾಸನ ತಿಳಿಸುತ್ತದೆ. ತಾಯಿಯೊಬ್ಬಳ ದುಃಖ ಹೊಯ್ಸಳ ಶಾಸನಗಳಲ್ಲಿ ಇಷ್ಟು ಸಮೀಪದಿಂದ ಕಾಣಿಸಿಕೊಳ್ಳುವುದು ಅಪೂರ್ವ. ಆದರೆ ಆ ದುಃಖ ಅಲ್ಲಿ ಮಾತಾಗಿ ಬೆಳೆಯುವುದಿಲ್ಲ, ವ್ರತವಾಗಿ ಪರಿಣಮಿಸುತ್ತದೆ. ಮಗಳಿಗಾಗಿ ಮಾಚಿಕಬ್ಬೆ ಅತ್ತಳೆಂಬುದಕ್ಕಿಂತ ಮಗಳ ಹಿಂದೆ ಅವಳು ಹೋದಳೆಂಬುದೇ ದಾಖಲೆಗೆ ಯೋಗ್ಯವಾದ ಸಂಗತಿಯೆನಿಸಿದೆ.

ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಇತಿಹಾಸ ಇನ್ನೂ ಅರ್ಥಪೂರ್ಣವಾಗಿದೆ. ವಿಷ್ಣುವರ್ಧನನ ಮಹಾಪ್ರಧಾನ ಗಂಗರಾಜನು ತೀರಿಕೊಂಡಾಗ ಅವನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ 1133ರಲ್ಲಿ ಈ ಬಸದಿಯನ್ನು ಕಟ್ಟಿಸಿದನು. ತಂದೆಯ ಬಿರುದಿನಿಂದಲೇ ಅದು ದ್ರೋಹಘರಟ್ಟ ಜಿನಾಲಯವೆನಿಸಿತು. ಪ್ರತಿಷ್ಠೆಯ ಶೇಷಾಕ್ಷತೆಯನ್ನು ಬಂಕಾಪುರದಲ್ಲಿದ್ದ ಅರಸನಿಗೆ ಒಯ್ದು ಅರ್ಪಿಸಿದ ಸಂದರ್ಭದಲ್ಲಿ ಅವನಿಗೆ ಯುದ್ಧದಲ್ಲಿ ಜಯವೂ ಪುತ್ರೋತ್ಸವವೂ ಒಟ್ಟಿಗೆ ಒದಗಿದ್ದವು. ಆ ಸಂತೋಷದಲ್ಲಿ ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟನು. ಮಗನೊಬ್ಬನ ಪಿತೃಶೋಕದಿಂದ ಎದ್ದ ಕಟ್ಟಡ ಹೀಗೆ ಕೆಲಕಾಲದಲ್ಲಿಯೇ ಅರಸನ ವಿಜಯದ ಹೆಸರನ್ನು ಪಡೆಯಿತು. ಇದರಲ್ಲಿ ಬೊಪ್ಪದೇವನಿಗೆ ಅನ್ಯಾಯವಾಯಿತೆಂದು ಆ ಕಾಲದವರಾರೂ ಭಾವಿಸಿರಲಾರರು. ಶೋಕವನ್ನು ಕೀರ್ತಿಯಾಗಿ ಮಾರ್ಪಡಿಸುವುದೇ ಸ್ಮಾರಕದ ಕೆಲಸವೆಂದು ಒಪ್ಪಿಕೊಂಡಿದ್ದ ಸಮಾಜವದು.

ರಾಜಮನೆತನದ ಈ ಮೂರು ನಿದರ್ಶನಗಳಿಗೆ ಹಳ್ಳಿಗಳ ವೀರಗಲ್ಲುಗಳು ಹೊರತಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ ಅಥವಾ ತುರುಗೋಳ್, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಸುರಾಂಗನೆಯರು, ಮೇಲಿನದರಲ್ಲಿ ದೇವಸಾನ್ನಿಧ್ಯ, ತುದಿಯಲ್ಲಿ ಸೂರ್ಯಚಂದ್ರರು. ಈ ಕಥನದಲ್ಲಿ ಹೆಣವಿಲ್ಲ. ಕಾಳಗದಲ್ಲಿ ಬಿದ್ದವನು ಒಡನೆಯೇ ಮೇಲೇರುತ್ತಾನೆ. ಬಿದ್ದುದಕ್ಕೂ ಏರಿದುದಕ್ಕೂ ನಡುವೆ ಅಳುವವರು ಬಂದು ಕುಳಿತುಕೊಳ್ಳಲು ಬೇಕಾದ ವ್ಯವಧಾನವನ್ನು ಶಿಲ್ಪಿ ಕೊಟ್ಟಿಲ್ಲ. ಮಾಸ್ತಿಕಲ್ಲಿನಲ್ಲಿ ಹೆಣ್ಣು ಕಾಣಿಸಿಕೊಳ್ಳುತ್ತಾಳೆ, ಬಳೆ ತೊಟ್ಟು ಮೇಲೆತ್ತಿದ ಒಂದು ತೋಳಾಗಿ. ಅವಳೂ ಸತ್ತ ಮೇಲೆಯೇ ಕಲ್ಲಾದವಳು.

ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ 1902ರಲ್ಲಿ ಹೊರತಂದಂದಿನಿಂದ ಈ ಸಾಮಗ್ರಿ ವಿದ್ವಾಂಸರ ಕೈಯಲ್ಲಿದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಹಾಗೂ ಷ. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಅವರು 1982ರಲ್ಲಿ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ ಸಾವಿನ ಸಂಸ್ಕೃತಿಯನ್ನು ವಿಸ್ತಾರವಾಗಿ ಚರ್ಚಿಸಿವೆ. ಸಾಯುವವರ ಪ್ರತಿಜ್ಞೆ, ಸಾವಿನ ಬಗೆಗಳು, ಸ್ಮಾರಕದ ರೂಪ ಇವುಗಳ ವಿಷಯದಲ್ಲಿ ಈ ಅಧ್ಯಯನಗಳ ಋಣ ದೊಡ್ಡದು. ಆದರೆ ಆಕರವು ಸತ್ತವರ ಪರವಾಗಿ ಮಾತನಾಡುವಾಗ ಅಧ್ಯಯನವೂ ಸತ್ತವರ ಸುತ್ತಲೇ ಬೆಳೆಯುವುದು ಸಹಜ. ಸ್ಮಾರಕಶಿಲೆ ಸತ್ತವರ ಪ್ರಕಾರ. ಶೋಕಗಾನವಾದರೋ ಉಳಿದವರ ಪ್ರಕಾರ. ದೋರಸಮುದ್ರದ ಆಸ್ಥಾನ ಸಂಸ್ಕೃತಿ ದುಃಖಕ್ಕೆ ಸಾವನ್ನೋ ಕಟ್ಟಡವನ್ನೋ ಉತ್ತರವಾಗಿ ಒಪ್ಪಿತ್ತು. ಸಾಯದೆ ಉಳಿದು, ಕಟ್ಟಿಸಲು ಹಣವಿಲ್ಲದೆ, ಅಳುತ್ತ ಬದುಕಿದವರಿಗೆ ಅಲ್ಲಿ ಲಿಪಿ ದೊರೆಯಲಿಲ್ಲ.

3

ಕಾವ್ಯದಲ್ಲಿ ಪರಿಸ್ಥಿತಿ ಭಿನ್ನವೇ ಎಂಬುದನ್ನು ನೋಡಬೇಕು. ಭಾರತೀಯ ಕಾವ್ಯಮೀಮಾಂಸೆ ಶೋಕಕ್ಕೆ ಉನ್ನತ ಸ್ಥಾನವನ್ನೇ ನೀಡಿದೆ. ಕರುಣಕ್ಕೆ ಶೋಕ ಸ್ಥಾಯಿಭಾವ. ಆದಿಕವಿಯ ಶೋಕವೇ ಶ್ಲೋಕವಾಯಿತೆಂಬುದು ಆ ಮೀಮಾಂಸೆಯ ಮೂಲಕಥೆ. ಆದರೆ ಆ ಕಥೆಯನ್ನು ಇನ್ನೊಮ್ಮೆ ಗಮನಿಸಿದರೆ ಒಂದು ಸಂಗತಿ ಎದ್ದು ತೋರುತ್ತದೆ. ಸಂಗಾತಿಯನ್ನು ಕಳೆದುಕೊಂಡು ಕೂಗಿದುದು ಹೆಣ್ಣು ಕ್ರೌಂಚ. ಶ್ಲೋಕವಾದುದು ಅದನ್ನು ಕೇಳಿದ ಋಷಿಯ ಮಾತು. ಹಕ್ಕಿಯ ಕೂಗು ಕಾವ್ಯಕ್ಕೆ ಕಾರಣವಾಯಿತೇ ಹೊರತು ತಾನೇ ಕಾವ್ಯವಾಗಲಿಲ್ಲ. ಅಳುವವರ ದನಿಯನ್ನು ಕೇಳಿಸಿಕೊಂಡವರ ದನಿ ಮರೆಮಾಡುವ ಕ್ರಮ ಅಲ್ಲಿಂದಲೇ ಆರಂಭವಾಗುತ್ತದೆ.

ಸಂಸ್ಕೃತ ಮಹಾಕಾವ್ಯ ಈ ದನಿಗೆ ನಿಯತವಾದೊಂದು ಲಯವನ್ನು ಒದಗಿಸಿತು. ಕಾಳಿದಾಸನು ಕುಮಾರಸಂಭವದ ನಾಲ್ಕನೆಯ ಸರ್ಗದ ರತಿವಿಲಾಪಕ್ಕೂ ರಘುವಂಶದ ಎಂಟನೆಯ ಸರ್ಗದ ಅಜವಿಲಾಪಕ್ಕೂ ವಿಯೋಗಿನಿ ಎಂಬ ಒಂದೇ ವೃತ್ತವನ್ನು ಬಳಸಿರುವುದು ಆಕಸ್ಮಿಕವಲ್ಲ. ಕನ್ನಡದಲ್ಲಿ ರನ್ನನ ಗದಾಯುದ್ಧದ ದುರ್ಯೋಧನನು ರಣಭೂಮಿಯಲ್ಲಿ ದ್ರೋಣ, ದುಶ್ಶಾಸನ, ಲಕ್ಷಣಕುಮಾರ, ಕರ್ಣರ ಹೆಣಗಳನ್ನು ಒಂದೊಂದಾಗಿ ಕಂಡು ಶೋಕಿಸುವ ಭಾಗ ಈ ಪರಂಪರೆಯ ಶಿಖರಗಳಲ್ಲೊಂದು. ಹೆಣದಿಂದ ಹೆಣಕ್ಕೆ ನಡೆಯುತ್ತ ಪ್ರತಿಯೊಬ್ಬರಿಗೂ ಬೇರೆಯಾದ ಸಂಬೋಧನೆಯನ್ನು ಹುಡುಕುವ ಆ ರಚನಾಕ್ರಮ ಸಾವಿನ ಮನೆಯ ಅಳುವಿಗೆ ತೀರ ಸಮೀಪವಾದುದು. ಆದರೂ ದುರ್ಯೋಧನನು ಅಳುತ್ತಿರುವುದು ತನ್ನ ಸಾವಿನ ಹೊಸ್ತಿಲಲ್ಲಿ ನಿಂತು. ಉಳಿದು ಬದುಕುವ ಹೊಣೆ ಅವನಿಗಿಲ್ಲ.

ಹೊಯ್ಸಳರ ಕಾಲದ ಜನ್ನನಲ್ಲಿಯೂ ದುಃಖ ಸಾವಿನ ಕಡೆಗೇ ಹರಿಯುತ್ತದೆ. 1230ರ ಅನಂತನಾಥಪುರಾಣದಲ್ಲಿ ಚಂಡಶಾಸನನು ತೋರಿಸಿದ ಪತಿಯ ಮಾಯಾಶಿರವನ್ನು ಕಂಡೊಡನೆ ಸುನಂದೆಯ ಪ್ರಾಣ ಹಾರಿಹೋಗುತ್ತದೆ. ಅವಳ ಚಿತೆಯನ್ನು ಚಂಡಶಾಸನನೂ ಏರುತ್ತಾನೆ. ಮಾಚಿಕಬ್ಬೆಯ ಶಾಸನಕ್ಕೂ ಕುವರಲಕ್ಷ್ಮನ ಕಂಬಕ್ಕೂ ಈ ಕಥೆಗೂ ನಡುವೆ ಇರುವ ಬಂಧುತ್ವ ಸ್ಪಷ್ಟ. ಧರ್ಮ, ಪ್ರೇಮ, ಸ್ವಾಮಿಭಕ್ತಿ ಎಂದು ಪ್ರೇರಣೆಗಳು ಬೇರೆಬೇರೆಯಾದರೂ ಮೂರರಲ್ಲಿಯೂ ಶೋಕದ ಅಂತಿಮ ಪ್ರಮಾಣ ಮರಣವೇ.

ಈ ಹಿನ್ನೆಲೆಯಲ್ಲಿ ರಾಘವಾಂಕನ ಹರಿಶ್ಚಂದ್ರಕಾವ್ಯದ ಚಂದ್ರಮತಿಯ ಪ್ರಲಾಪ ಒಂದು ತಿರುವಾಗಿ ಕಾಣುತ್ತದೆ. ರಾಘವಾಂಕನ ಗುರುವೂ ಸೋದರಮಾವನೂ ಆದ ಹರಿಹರನು ದೋರಸಮುದ್ರದಲ್ಲಿ ಕರಣಿಕನಾಗಿದ್ದು ಅದನ್ನು ತೊರೆದು ಹಂಪೆಗೆ ಹೋದನೆಂಬುದು ಐತಿಹ್ಯ. ಅರಮನೆಯಿಂದ ಹೊರನಡೆದ ಆ ಪರಂಪರೆಯ ಕಾವ್ಯದಲ್ಲಿ ಅಳುವವಳು ದಾಸಿಯಾಗಿ ಮಾರಾಟಗೊಂಡ ರಾಣಿ. ಮಗ ಲೋಹಿತಾಶ್ವ ಹಾವು ಕಚ್ಚಿ ಸತ್ತನೆಂಬ ಸುದ್ದಿ ಬಂದಾಗಲೂ ಮನೆಗೆಲಸ ಮುಗಿಯುವವರೆಗೆ ಒಡೆಯನು ಅವಳನ್ನು ಬಿಡುವುದಿಲ್ಲ. ಅಳುವುದಕ್ಕೂ ಅವಳಿಗೆ ಅನುಮತಿ ಬೇಕು, ಬಿಡುವು ಬೇಕು. ಕತ್ತಲಲ್ಲಿ ಕಾಡಿಗೆ ಹೋಗಿ ಹೆಣವನ್ನು ತಡವಿ ಹುಡುಕಿ, ಎತ್ತಿ ತಂದು ಸುಡಲು ಹೊರಟರೆ ಸುಡುಗಾಡಿನ ಕಾವಲುಗಾರ ತೆರಿಗೆ ಕೇಳುತ್ತಾನೆ. ಅವನೇ ಅವಳ ಗಂಡ.

ಚಂದ್ರಮತಿಯ ಅಳುವಿನ ಮಹತ್ತ್ವ ಅದರ ಭಾವತೀವ್ರತೆಯೊಂದರಲ್ಲಿಯೇ ಇಲ್ಲ. ಅವಳು ಮಗನನ್ನು ಎದುರಿಟ್ಟುಕೊಂಡು ಮಾತನಾಡುತ್ತಾಳೆ. ಸತ್ತವನನ್ನು ಕೇಳುವವನೆಂದು ಭಾವಿಸುವುದು ಸಾವಿನ ಮನೆಯ ಅಳುವಿನ ಮೊದಲ ಲಕ್ಷಣ. ಅವಳು ಸಾಯಲು ಸ್ವತಂತ್ರಳಲ್ಲ, ಅವಳ ದೇಹ ಕ್ರಯಕ್ಕೆ ಹೋದ ವಸ್ತು. ಹೀಗಾಗಿ ಮಾಚಿಕಬ್ಬೆಯ ದಾರಿ ಅವಳಿಗೆ ಮುಚ್ಚಿದೆ. ಬದುಕಿರಲೇಬೇಕಾದವಳ ಶೋಕಕ್ಕೆ ಮಾತೊಂದೇ ದಾರಿಯಾದಾಗ ಪ್ರಲಾಪ ದೀರ್ಘವಾಗುತ್ತದೆ. ಕಾವ್ಯದ ಕೊನೆಯಲ್ಲಿ ಶಿವನು ಪ್ರತ್ಯಕ್ಷನಾಗಿ ಲೋಹಿತಾಶ್ವ ಮರಳಿ ಬದುಕುತ್ತಾನೆ, ರಾಜ್ಯ ಮರಳುತ್ತದೆ. ಅಂದರೆ ಕಥೆಯು ಅಳುವಿನ ಕಾರಣವನ್ನೇ ರದ್ದುಗೊಳಿಸುತ್ತದೆ. ಆದರೂ ಶತಮಾನಗಳಿಂದ ಗಮಕಿಗಳೂ ಕೇಳುಗರೂ ಮತ್ತೆ ಮತ್ತೆ ಹಿಂದಿರುಗುವುದು ಆ ಸುಖಾಂತಕ್ಕಲ್ಲ, ಆ ರಾತ್ರಿಗೆ. ಮಗ ಬದುಕಿ ಬರುವನೆಂದು ತಿಳಿದೂ ಸಭೆ ಕಣ್ಣೊರೆಸಿಕೊಳ್ಳುತ್ತದೆಂದರೆ, ಆ ಅಳುವಿಗೆ ಕಥೆಯನ್ನು ಮೀರಿದ ಒಂದು ಉಪಯೋಗವಿರಬೇಕು.

4

ಆ ಉಪಯೋಗದ ನೆಲೆ ಜನಪದದಲ್ಲಿದೆ. ಅರಸೀಕೆರೆಯ ಬಯಲುಸೀಮೆಯಿಂದ ಬೇಲೂರಿನ ಮಲೆನಾಡಿನ ಅಂಚಿನವರೆಗೆ, ಹಳೆಯ ಮೈಸೂರಿನ ಇತರೆಡೆಗಳಲ್ಲಿರುವಂತೆಯೇ, ಸಾವಿನ ಮನೆಗೆ ಬಂದ ಹೆಣ್ಣುಮಕ್ಕಳು ಒಬ್ಬರ ಕೊರಳನ್ನೊಬ್ಬರು ತಬ್ಬಿ ಅಳುವ ರೂಢಿಯಿದೆ. ಹೊಸಬರು ಬಂದಂತೆ ಅಳು ಹೊಸದಾಗಿ ಏಳುತ್ತದೆ. ಒಬ್ಬಳು ಎತ್ತಿದ ಮಾತಿಗೆ ಇನ್ನೊಬ್ಬಳು ಸೇರಿಸುತ್ತಾಳೆ. ಬದುಕಿದ್ದಾಗ ಆಡಲಾಗದ ಮಾತುಗಳಿಗೂ ಅಲ್ಲಿ ಅವಕಾಶವುಂಟು. ಸೊಸೆ ಅತ್ತೆಮನೆಯ ಕಷ್ಟವನ್ನು, ತಂಗಿ ಅಣ್ಣನ ಉಪೇಕ್ಷೆಯನ್ನು, ವಿಧವೆ ತನ್ನ ಮುಂದಿನ ದಿನಗಳನ್ನು ಸತ್ತವರಿಗೆ ಹೇಳುವ ನೆಪದಲ್ಲಿ ಬದುಕಿರುವವರ ಕಿವಿಗೆ ಹಾಕುತ್ತಾಳೆ. ಸಾವಿನ ಮನೆ ಹೀಗೆ ಹೆಣ್ಣಿನ ದೂರಿಗೆ ಸಿಗುವ ಅಪರೂಪದ ಸಭೆ. ಅಳುತ್ತಿರುವವಳನ್ನು ತಡೆಯುವಂತಿಲ್ಲ, ಅವಳ ಮಾತಿಗೆ ಪ್ರತ್ಯುತ್ತರ ಕೊಡುವಂತಿಲ್ಲ.

ಇಂಥ ಪ್ರಕಾರ ನಮ್ಮ ಸಂಗ್ರಹಗಳಲ್ಲಿ ಪ್ರತ್ಯೇಕ ವರ್ಗವಾಗಿ ಪರಿಗಣನೆಗೆ ಬಂದುದು ವಿರಳ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ (1931), ಅರ್ಚಕ ಬಿ. ರಂಗಸ್ವಾಮಿಯವರ ‘ಹುಟ್ಟಿದಹಳ್ಳಿ ಹಳ್ಳಿಯ ಹಾಡು’ (1933), ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಹಾಡುಗಳು’ ಮೊದಲಾದ ಕೃತಿಗಳು ಕನ್ನಡದ ಕಿವಿಯನ್ನೇ ತೆರೆದ ಸಂಗ್ರಹಗಳು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ, ಮದುವೆಯ ಶಾಸ್ತ್ರಗಳಲ್ಲಿ ಹಾಡುವ ಪದಗಳನ್ನು ಸಂಗ್ರಾಹಕನು ಕೇಳಿ ಬರೆದುಕೊಳ್ಳಬಹುದು, ಮತ್ತೊಮ್ಮೆ ಹೇಳೆಂದು ಕೇಳಬಹುದು. ಸಾವಿನ ಮನೆಯಲ್ಲಿ ಲೇಖನಿ ತೆಗೆಯುವುದು ಸಾಧ್ಯವೂ ಅಲ್ಲ, ಸಭ್ಯವೂ ಅಲ್ಲ. ಸಾವಿಲ್ಲದ ದಿನ ಆ ಅಳುವನ್ನು ಹಾಡಿ ತೋರಿಸುವುದು ಅಮಂಗಳವೆಂಬ ನಂಬಿಕೆ ಬಲವಾಗಿರುವುದರಿಂದ ಬೇರೊಂದು ದಿನ ಕೇಳುವ ದಾರಿಯೂ ಇಲ್ಲ. ಈ ಪ್ರಕಾರದ ಅಭಾವಕ್ಕೆ ಜನರ ಮೌನಕ್ಕಿಂತ ಸಂಗ್ರಹಕ್ರಮದ ಮಿತಿಯೇ ಹೆಚ್ಚಿನ ಕಾರಣವೆಂಬುದನ್ನು ವಿಮರ್ಶೆ ಮರೆಯುವಂತಿಲ್ಲ.

ಸಂಗ್ರಹಕ್ಕೆ ದಕ್ಕಿರುವುದು ಕಥನಗೀತೆಯೊಳಗೆ ಸೇರಿಹೋದ ಶೋಕ. ‘ಕೆರೆಗೆ ಹಾರ’ ಇದಕ್ಕೆ ಉತ್ತಮ ನಿದರ್ಶನ. ಅರಸಿಯ ಕೆರೆಯೆಂಬ ಹೆಸರನ್ನೇ ಹೊತ್ತ ಊರು ಇರುವ, ಕೆರೆಯೇ ಬದುಕಾದ ಸೀಮೆಯಲ್ಲಿ ಈ ಹಾಡಿನ ವಸ್ತು ಅಪರಿಚಿತವಾಗಲಾರದು. ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡಲು ನಿಶ್ಚಯವಾದಾಗ ಅವಳು ತವರಿಗೆ ಹೋಗಿ ಅಳುತ್ತಾಳೆ. ಕಾರಣ ಕೇಳಿದ ತಂದೆಗೆ ನಿಜ ಹೇಳದೆ ಬೇರೇನೋ ಹೇಳುತ್ತಾಳೆ, ಗೆಳತಿಯೊಬ್ಬಳಿಗೆ ಮಾತ್ರ ನಿಜ ತಿಳಿಸುತ್ತಾಳೆ. ತನ್ನ ಸಾವಿಗೆ ತಾನೇ ಮುಂಚಿತವಾಗಿ ಅಳಬೇಕಾದವಳ ಅಳು ಅದು, ಅದೂ ಅರ್ಧ ಮುಚ್ಚಿಟ್ಟದ್ದು. ದಂಡಿನಿಂದ ಮರಳಿದ ಗಂಡ ಮಾದೇವರಾಯ ವಿಷಯವರಿತು ಅದೇ ಕೆರೆಗೆ ಹಾರುತ್ತಾನೆ. ವೀರಗಲ್ಲಿನ ಲೋಕದಂತೆ ಇಲ್ಲಿಯೂ ಶೋಕ ಸಹಮರಣದಲ್ಲಿ ಮುಗಿಯುತ್ತದೆ. ಆದರೆ ಹಾಡು ಪ್ರಶಂಸೆಯಲ್ಲಿ ಮುಗಿಯುವುದಿಲ್ಲವೆಂಬುದು ಮುಖ್ಯ. ಕೆರೆ ತುಂಬಿದ ಸಂತೋಷವನ್ನು ಹಾಡುಗಾರ್ತಿ ಕೇಳುಗರಿಗೆ ಉಣಿಸಲಾರಳು.

ಸಾವಿನ ನಾದದ ಇನ್ನೊಂದು ಮುಖವನ್ನೂ ಇಲ್ಲಿ ಹೇಳಬೇಕು. ಹೆಣದ ಮುಂದಿನ ತಮಟೆಯ ಗತಿ ಮದುವೆಯ ಗತಿಯಿಂದ ಬೇರೆಯಾಗಿದ್ದು, ದೂರದಿಂದಲೇ ಊರಿಗೆ ಸಾವನ್ನು ಸಾರುತ್ತದೆ. ಆದರೆ ಆ ತಮಟೆ ಬಹುಕಾಲ ದಲಿತ ಸಮುದಾಯಗಳ ಮೇಲೆ ಹೊರಿಸಿದ ಬಿಟ್ಟಿ ಚಾಕರಿಯಾಗಿತ್ತು. 1970ರ ದಶಕದಿಂದೀಚೆಗೆ ದಲಿತ ಚಳವಳಿ ಈ ಚಾಕರಿಯನ್ನು ಪ್ರಶ್ನಿಸಿತು. ಪರರ ಸಾವಿಗೆ ನುಡಿಸಲೇಬೇಕೆಂಬ ಕಟ್ಟಳೆಯನ್ನು ನಿರಾಕರಿಸುವುದು ಕಲೆಯ ನಿರಾಕರಣೆಯಲ್ಲ. ಆದುದರಿಂದ ಶೋಕವಾದ್ಯದ ಅಳಿವನ್ನು ಕುರಿತು ಹಲುಬುವ ಬರಹ, ಅದು ಯಾರ ಬೆನ್ನಿನ ಮೇಲೆ ಉಳಿದುಬಂದಿತ್ತೆಂಬುದನ್ನೂ ಕೇಳಬೇಕಾಗುತ್ತದೆ.

5

ಈ ಹಂತದಲ್ಲಿ ಐರಿಷ್ ಪರಂಪರೆಯೊಡನೆ ಹೋಲಿಕೆ ಉಪಯುಕ್ತ. ಹಳೆಯ ಐರಿಷ್ ಸಂಗೀತಕಲ್ಪನೆ ನಾದವನ್ನು ಅಳಿಸುವುದು, ನಗಿಸುವುದು, ನಿದ್ರೆ ಬರಿಸುವುದು ಎಂದು ಮೂರಾಗಿ ವಿಂಗಡಿಸುತ್ತದೆ. ಸಾವಿನ ಮನೆಯಲ್ಲಿ ಹೆಣದ ಸುತ್ತ ಕುಳಿತು ಹೆಂಗಸರು ಹಾಡಿಕೊಂಡು ಅಳುವುದಕ್ಕೆ ಅಲ್ಲಿ ಕೀನಿಂಗ್ ಎಂದು ಹೆಸರು. ಬಂಧುಗಳಲ್ಲದೆ ಈ ಕೆಲಸದಲ್ಲಿ ನುರಿತ ಹೆಂಗಸರನ್ನೂ ಕರೆಸುತ್ತಿದ್ದರು. ಹದಿನೇಳನೆಯ ಶತಮಾನದಿಂದಲೇ ಚರ್ಚಿನ ಧರ್ಮಸಭೆಗಳು ಈ ಪದ್ಧತಿಯನ್ನು ವಿರೋಧಿಸಿದವು. ಕಾಲಕ್ರಮದಲ್ಲಿ ಅದು ನಶಿಸಿತು.

ಆ ಪರಂಪರೆಯ ಪ್ರಸಿದ್ಧ ಕೃತಿ ಆರ್ಟ್ ಓ ಲಿಯರಿಯ ಶೋಕಗೀತೆ. ಕಾರ್ಕ್ ಪ್ರಾಂತದ ಕ್ಯಾಥೊಲಿಕ್ ಯೋಧನಾದ ಅವನನ್ನು 1773ರ ಮೇ ತಿಂಗಳಲ್ಲಿ ಮ್ಯಾಜಿಸ್ಟ್ರೇಟ್ ಆಬ್ರಹಾಂ ಮಾರಿಸ್‌ನೊಂದಿಗಿನ ವೈರದ ಫಲವಾಗಿ ಸೈನಿಕರು ಗುಂಡಿಕ್ಕಿ ಕೊಂದರು. ಅವನ ಹೆಂಡತಿ ಐಲೀನ್ ಓಕಾನಲ್ ಕಟ್ಟಿದಳೆನ್ನಲಾದ ಈ ಗೀತೆ ಮೊದಲು ಬಾಯಿಂದ ಬಾಯಿಗೆ ಹರಿದು ಅನಂತರ ಲಿಪಿಗೆ ಇಳಿಯಿತು. ಗಂಡನನ್ನು ಸಂಬೋಧಿಸುವುದು, ಅವನ ರೂಪ ಮತ್ತು ಶೌರ್ಯವನ್ನು ಎಣಿಸುವುದು, ಕೊಂದವನನ್ನು ಹೆಸರಿಟ್ಟು ಶಪಿಸುವುದು ಅದರಲ್ಲಿದೆ. ಮಾತ್ರವಲ್ಲ, ಸತ್ತವನ ತಂಗಿ ಅತ್ತಿಗೆಯನ್ನು ಆಕ್ಷೇಪಿಸುವ, ಅದಕ್ಕೆ ಅವಳು ಉತ್ತರಿಸುವ ಭಾಗಗಳೂ ಅದರಲ್ಲಿ ಸೇರಿವೆ. ಕನ್ನಡದ ಹಳ್ಳಿಯ ಸಾವಿನ ಮನೆಯನ್ನು ಕಂಡವರಿಗೆ ಅತ್ತಿಗೆ ನಾದಿನಿಯರ ಈ ಜಗಳ ಹೊಸದೆನಿಸಲಾರದು. ನ್ಯಾಯಾಲಯದಲ್ಲಿ ಹೇಳಲಾಗದ ದೂರನ್ನು ಹೆಣದ ಮುಂದೆ ಹೇಳುವ ಹಕ್ಕು ಎರಡು ಕಡೆಯೂ ಹೆಣ್ಣಿಗೇ ಇದೆ. ವ್ಯತ್ಯಾಸವಿಷ್ಟೆ: ಅಲ್ಲಿ ಒಬ್ಬಳ ಅಳುವನ್ನು ನೆನಪಿಟ್ಟುಕೊಂಡು ದಾಟಿಸಿದ, ಅನಂತರ ಅದನ್ನು ಕಾವ್ಯವೆಂದು ಓದಿದ ಪರಂಪರೆ ಬೆಳೆಯಿತು, ಇಲ್ಲಿ ಬೆಳೆಯಲಿಲ್ಲ.

ಪದ್ಧತಿ ನಶಿಸಿದರೂ ಐರಿಷ್ ಶೋಕಗಾನದ ಗುಣ ಮತ್ತೊಂದು ರೂಪದಲ್ಲಿ ಉಳಿಯಿತು. ಶೋಕ, ವಿರಹ, ವಲಸೆಗಳನ್ನು ಕುರಿತ ಹಳೆಯ ಹಾಡುಗಳ ಮಟ್ಟುಗಳನ್ನು ಪದಗಳಿಲ್ಲದೆ, ಕಟ್ಟುನಿಟ್ಟಾದ ತಾಳಕ್ಕೆ ಒಳಪಡಿಸದೆ, ಪೈಪು, ಕೊಳಲು, ಪಿಟೀಲುಗಳಲ್ಲಿ ವಿಳಂಬವಾಗಿ ನುಡಿಸುವ ಕ್ರಮವೇ ಅಲ್ಲಿಯ ‘ಸ್ಲೋ ಏರ್’. ಪದಗಳು ತಿಳಿಯದೆ ಈ ಮಟ್ಟನ್ನು ಸರಿಯಾಗಿ ನುಡಿಸಲಾಗದೆಂಬುದು ಆ ಸಂಗೀತಗಾರರ ಮತ. ಉಸಿರಿನ ನಿಲುಗಡೆ, ಸ್ವರದ ಎಳೆತ ಇವುಗಳನ್ನು ನಿರ್ಧರಿಸುವುದು ಕೇಳಿಸದ ಆ ಮಾತುಗಳೇ.

6

ಕನ್ನಡದಲ್ಲಿ ಇದಕ್ಕೆ ಸಮಾನವಾದುದು ವಾದ್ಯದಲ್ಲಿಲ್ಲ, ವಾಚನದಲ್ಲಿದೆ. ಗಮಕದಲ್ಲಿ ಷಟ್ಪದಿಯನ್ನು ರಾಗಕ್ಕೆ ಒಳಪಡಿಸಿದರೂ ತಾಳಕ್ಕೆ ಕಟ್ಟುವುದಿಲ್ಲ. ಅರ್ಥ ಎಲ್ಲಿ ನಿಲ್ಲುವುದೋ ಅಲ್ಲಿ ದನಿ ನಿಲ್ಲುತ್ತದೆ. ಚಂದ್ರಮತಿಯ ಪ್ರಲಾಪದಂಥ ಭಾಗಗಳಿಗೆ ಗಮಕಿಗಳು ಸಾಮಾನ್ಯವಾಗಿ ಮುಖಾರಿಯಂಥ ರಾಗಗಳನ್ನು ಆರಿಸಿಕೊಳ್ಳುತ್ತಾರೆ. ಮುಖಾರಿಗೂ ಶೋಕಕ್ಕೂ ಇರುವ ನಂಟು ಸ್ವರಗಳಲ್ಲಿಯೇ ಹುದುಗಿದೆಯೆಂದು ಭಾವಿಸುವುದು ವಾಡಿಕೆ. ಆದರೆ ವಿಜಯನಗರದ ರಾಮಾಮಾತ್ಯನು 1550ರ ಸ್ವರಮೇಳಕಲಾನಿಧಿಯಲ್ಲಿ ಮುಖಾರಿಯೆಂದು ಕರೆದಿರುವುದು ಶುದ್ಧಸ್ವರಗಳ ಮೇಳವನ್ನು. ಇಂದಿನ ಮುಖಾರಿಯಾದರೋ ಖರಹರಪ್ರಿಯದ ಜನ್ಯ. ಹೆಸರು ಒಂದೇ ಆಗಿದ್ದು ಸ್ವರಗಳು ಬದಲಾಗಿರುವಾಗ ರಾಗದ ಶೋಕವನ್ನು ಸ್ವರಪಟ್ಟಿಯಲ್ಲಿ ಹುಡುಕುವುದು ಕಷ್ಟ. ಅದು ಪ್ರಯೋಗದಲ್ಲಿದೆ, ಗಮಕಿಯ ಉಸಿರಿನಲ್ಲಿ, ಪದವನ್ನು ಎಳೆಯುವ ಬಗೆಯಲ್ಲಿ, ಕೇಳುಗರ ನೆನಪಿನಲ್ಲಿದೆ.

ಊರ ರಂಗಭೂಮಿ ಈ ಕ್ರಮವನ್ನು ಇನ್ನೂ ವಿಶಾಲವಾಗಿ ಹರಡಿತು. ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳಲ್ಲಿ ಹಬ್ಬಿದ್ದ ಮೂಡಲಪಾಯ ಯಕ್ಷಗಾನವೂ, ಕಂಪನಿ ನಾಟಕಗಳ ಪ್ರಭಾವದಿಂದ ಹಳ್ಳಿಗಳಲ್ಲಿ ನೆಲೆಯೂರಿದ ‘ಸತ್ಯ ಹರಿಶ್ಚಂದ್ರ’, ‘ಕುರುಕ್ಷೇತ್ರ’ ಪ್ರಯೋಗಗಳೂ ಶೋಕದ ದೃಶ್ಯಗಳಿಗೆ ವಿಶೇಷ ಸ್ಥಾನ ಕೊಟ್ಟವು. ಹಾರ್ಮೋನಿಯಂ ಜತೆಯಲ್ಲಿ ವಿಳಂಬಗತಿಯಲ್ಲಿ ಹಾಡುವ ಸ್ಮಶಾನದ ಪದ್ಯಗಳಿಗಾಗಿ ಜನ ಬೆಳಗಿನ ಜಾವದವರೆಗೆ ಕಾದಿರುತ್ತಿದ್ದರು. ಬಹುಕಾಲ ಚಂದ್ರಮತಿಯಾಗಿ ಅತ್ತವನು ಗಂಡಸೇ ಆಗಿದ್ದುದೂ ಗಮನಾರ್ಹ. ಸಾವಿನ ಮನೆಯಲ್ಲಿ ದನಿ ತೆಗೆದು ಅಳಲು ಗಂಡಸಿಗೆ ಅಷ್ಟಾಗಿ ಅವಕಾಶವಿಲ್ಲದ ಸಮಾಜದಲ್ಲಿ ಹೆಣ್ಣುವೇಷ ಅವನಿಗೆ ಆ ಅವಕಾಶ ಕೊಟ್ಟಿತು. ಸಭೆಯಲ್ಲಿ ಕುಳಿತ ಹೆಣ್ಣುಮಕ್ಕಳಿಗೆ ಅಮಂಗಳದ ಭಯವಿಲ್ಲದೆ ತಮ್ಮ ಸತ್ತವರನ್ನು ನೆನೆದು ಅಳುವ ಅನುಮತಿ ದೊರೆಯಿತು. ಹಿಂದೆ ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರವಿದೆ: ಲೋಹಿತಾಶ್ವ ಬದುಕಿ ಬರುವನೆಂಬ ಭರವಸೆಯೇ ಅಳುವನ್ನು ನಿರಪಾಯಗೊಳಿಸುತ್ತದೆ. ಸಾವಿಲ್ಲದ ದಿನ ಹಾಡಬಾರದ ಹಾಡು ಕಥೆಯ ಆಶ್ರಯ ಪಡೆದು ರಂಗಕ್ಕೆ ಬಂದಿತು.

ಆದರೆ ಈ ಸ್ಥಳಾಂತರದಲ್ಲಿ ಕಳೆದುಹೋದುದೂ ಉಂಟು. ರಂಗದ ಶೋಕ ವಿಧಿಯನ್ನು ದೂರುತ್ತದೆ, ವಿಶ್ವಾಮಿತ್ರನನ್ನು ದೂರುತ್ತದೆ. ಪಕ್ಕದ ಮನೆಯವನನ್ನು ದೂರುವುದಿಲ್ಲ. ಐರಿಷ್ ಮಟ್ಟು ಮಾತನ್ನು ಬಿಟ್ಟು ರಾಗವನ್ನು ಉಳಿಸಿಕೊಂಡಿತು. ಕನ್ನಡದ ಶೋಕಗಾನ ರಾಗವನ್ನೂ ಮಾತನ್ನೂ ಉಳಿಸಿಕೊಂಡು ವ್ಯಕ್ತಿಯನ್ನು ಬಿಟ್ಟುಕೊಟ್ಟಿತು. ಯಾರು ಸತ್ತರು, ಯಾರಿಂದ ಸತ್ತರು, ಯಾರು ಉಳಿದರು ಎಂಬ ವಿವರಗಳು ಪುರಾಣದ ಹೆಸರುಗಳ ಹಿಂದೆ ಮರೆಯಾದವು. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆ ಆಧುನಿಕ ಕನ್ನಡದಲ್ಲಿ ಇಷ್ಟು ಆಳವಾಗಿ ನಾಟಿದ್ದಕ್ಕೆ, ಮಗುವಿನ ಸಾವಿನ ಎದುರಿನಲ್ಲಿ ಒಬ್ಬ ತಂದೆ ಒಬ್ಬ ತಾಯಿಯೊಡನೆ ಮನೆಮಾತಿನಲ್ಲಿಯೇ ಮಾತನಾಡುವ ಆ ವಿವರ ಮರಳಿ ಬಂದುದೂ ಒಂದು ಕಾರಣ. ಅಲ್ಲಿಯೂ ತಾಯಿ ನೋಡುತ್ತಾಳೆ, ಮಾತು ತಂದೆಯದು.

7

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಹೊಯ್ಸಳ ನಾಡಿನ ಸ್ಮಾರಕಗಳು ಸಾವನ್ನು ದಾಖಲಿಸಿವೆ, ಶೋಕವನ್ನಲ್ಲ. ಶೋಕವು ಉಳಿದುದು ಮೊದಲು ಕಂಠದಲ್ಲಿ, ಅನಂತರ ರಾಘವಾಂಕನಂಥ ಕವಿಯಲ್ಲಿ, ಅವನ ಮೂಲಕ ಗಮಕ ಮತ್ತು ರಂಗಭೂಮಿಯಲ್ಲಿ. ಚರಮಗೀತೆಯ ಮಾನದಂಡದಿಂದ ಹಾಡಿಕೊಂಡು ಅಳುವುದನ್ನು ಅಳೆದರೆ ಅದು ಅಪೂರ್ಣವೆನಿಸಬಹುದು. ವಾಸ್ತವವಾಗಿ ಸಂಬೋಧನೆ, ಎಣಿಕೆ, ದೂರು ಎಂಬ ಅಂಗಗಳುಳ್ಳ ಪೂರ್ಣ ರಚನೆ ಅದು. ಚಂದ್ರಮತಿಯ ಪ್ರಲಾಪವನ್ನು ಕರುಣರಸದ ಉದಾಹರಣೆಯಾಗಿ ಮಾತ್ರ ಓದದೆ ಆ ರಚನೆಯ ಲಿಖಿತ ಸಾಕ್ಷ್ಯವಾಗಿಯೂ ಓದಬೇಕಾಗಿದೆ.

ಜೀ. ಶಂ. ಪರಮಶಿವಯ್ಯನವರಂಥ ವಿದ್ವಾಂಸರು ದಕ್ಷಿಣ ಕರ್ನಾಟಕದ ಜನಪದ ಕಾವ್ಯಪ್ರಕಾರಗಳನ್ನು ವಿಂಗಡಿಸಿ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದ್ದಾರೆ. ಆ ತಳಹದಿಯ ಮೇಲೆ ಆಗಬೇಕಾದ ಕೆಲಸವಿದು. ಸಾವಿನ ಮನೆಗೆ ಧ್ವನಿಮುದ್ರಣ ಯಂತ್ರವನ್ನು ಒಯ್ಯುವುದು ಅದರ ಕ್ರಮವಾಗಲಾರದು. ತಾನು ಅತ್ತುದನ್ನು ಕಾಲ ಕಳೆದಮೇಲೆ ನೆನಪಾಗಿ ಹೇಳಬಲ್ಲವರು, ಹೇಳಲು ಒಪ್ಪುವವರು ಇದ್ದಾರೆ. ಹಾಡಲು ಒಪ್ಪದವರೂ ಅಂದು ಏನು ಹೇಳಿದೆನೆಂಬುದನ್ನು ಮಾತಿನಲ್ಲಿ ತಿಳಿಸಬಲ್ಲರು. ಸಂಗ್ರಹಕ್ಕೆ ಅಷ್ಟು ಸಾಕು. ಸ್ಪರ್ಧೆಯ ವೇದಿಕೆಗೆ ತಂದ ಅಳು ಸಂಗ್ರಹವಲ್ಲ.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಶಿಲೆಯ ರಕ್ಷಣೆಗೆ ಹೀಗೆ ಲೋಕದ ಮನ್ನಣೆ ದೊರೆತಿರುವಾಗ, ಶಿಲೆಯು ಏನನ್ನು ಹೇಳದೆ ಬಿಟ್ಟಿತೆಂಬ ವಿಚಾರಕ್ಕೂ ಎಡೆಯಿರಬೇಕು. ಕುವರಲಕ್ಷ್ಮನ ಕಂಬವನ್ನು ನೋಡಲು ಬಂದವರಿಗೆ ಅದರ ಮೇಲಿನ ವೀರರ ಕೈಯ ಆಯುಧಗಳು ಕಾಣುತ್ತವೆ. ಅವರೊಡನೆ ಸಾವಿರ ಮಂದಿ ಸತ್ತರೆಂಬ ಮಾತನ್ನು ನಂಬುವುದಾದರೆ, 1220ರ ದೋರಸಮುದ್ರದಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಅಷ್ಟೇ ಮನೆಗಳಲ್ಲಿ ಹೆಣ್ಣುಮಕ್ಕಳು ಹಾಡಿಕೊಂಡು ಅತ್ತಿರಬೇಕು. ಅವರಲ್ಲಿ ಕೆಲವರು ಸತ್ತವರನ್ನು ಹೊಗಳಿರಬೇಕು. ಕೆಲವರು, ಅರಸನ ಸಾವಿಗೆ ನೀನೇಕೆ ಸತ್ತೆ ಎಂದು ಕೇಳಿಯೂ ಇರಬೇಕು.